ರತೀಶಣ್ಣನ ಪರವಾಗಿ

ನಮ್ಮ ಕಡೆ ಚುನಾವಣೆ ಗೆಲ್ಲುವುದು ಭಾಷಣದಿಂದಲ್ಲ, ಬೊಜ್ಜದಿಂದ. ನಂಬದಿದ್ದರೆ ಬಿಡಿ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಯಾವ ಮನೆಯಲ್ಲೇ ಆಗಲಿ, ಯಾರಾದರೂ ತೀರಿಕೊಂಡು ಹದಿಮೂರನೆಯ ದಿನ ಊರಿಗೆ ಊಟ ಹಾಕುವಾಗ ಯಾರು ಬಂದರು, ಯಾರು ಬರಲಿಲ್ಲ ಎಂಬುದನ್ನು ಜನ ಮರೆಯುವುದಿಲ್ಲ. ರಸ್ತೆ ಹಾಕಿಸಿದವನನ್ನು ಮೊದಲ ಮಳೆಗೇ ಮರೆತುಬಿಡುತ್ತಾರೆ. ಅಪ್ಪನ ಬೊಜ್ಜಕ್ಕೆ ಬಂದವನನ್ನು ಮೊಮ್ಮಕ್ಕಳ ಕಾಲದವರೆಗೂ ನೆನಪಿಡುತ್ತಾರೆ.

ಇದನ್ನು ನನ್ನ ಗಂಡ ರತೀಶರಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡವರು ಇನ್ನೊಬ್ಬರಿಲ್ಲ. ಅವರು ಈಗ ಪಕ್ಷದ ರಾಜ್ಯಾಧ್ಯಕ್ಷರು. ಟೀವಿಯವರು ಅವರ ಹೆಸರಿಗೆ ಏನೇನೋ ಬಿರುದು ಅಂಟಿಸುತ್ತಾರೆ, ಊರಿನವರಿಗೆ ಮಾತ್ರ ಇವತ್ತಿಗೂ ರತೀಶಣ್ಣ. ನಾನು ವಿನಯಾ, ಅವರ ಹೆಂಡತಿ. ನಿಮ್ಮ ಕೆಲಸ ಏನು ಎಂದು ಯಾರಾದರೂ ಕೇಳಿದರೆ, ಬೊಜ್ಜಕ್ಕೆ ಹೋಗುವುದು ಎಂದೇ ಹೇಳಬೇಕು. ಅವರು ಬೆಂಗಳೂರು, ದಿಲ್ಲಿ ಎಂದು ತಿರುಗಾಟ ಹಚ್ಚಿಕೊಂಡ ಮೇಲೆ ಇಲ್ಲಿನ ಮದುವೆ, ಮನೆ ಒಕ್ಕಲು, ಬೊಜ್ಜ ಎಲ್ಲಕ್ಕೂ ಅವರ ಪರವಾಗಿ ಹೋಗುವವಳು ನಾನು. ಒಂದೇ ದಿನ ಬೆಳಿಗ್ಗೆ ಶಿರೂರಿನಲ್ಲಿ ಅಕ್ಷತೆ ಹಾಕಿ, ಮಧ್ಯಾಹ್ನ ಕೋಟದಲ್ಲಿ ಸತ್ತವರ ಫೋಟೋಕ್ಕೆ ಹೂ ಹಾಕಿದ್ದೂ ಉಂಟು. ಸೀರೆ ಬದಲಿಸಲು ಪುರುಸೊತ್ತಿಲ್ಲದೆ ಸೆರಗನ್ನು ಮಾತ್ರ ಬೇರೆ ಥರ ಹೊದ್ದುಕೊಂಡಿದ್ದೆ.

ನಾನು ಅವರನ್ನು ಮೊದಲು ಕಂಡದ್ದೂ ಬೊಜ್ಜದಲ್ಲೇ. ಅದು ನಮ್ಮ ಅಪ್ಪಯ್ಯನ ಬೊಜ್ಜ. ಬಾರ್ಕೂರಿನ ನಮ್ಮ ಮನೆಯ ಅಂಗಳದಲ್ಲಿ ಚಪ್ಪರ ಹಾಕಿತ್ತು. ಕೋಟೇಶ್ವರದಿಂದ ಪಕ್ಷದ ಹಿರಿಯರೊಬ್ಬರು ಬಂದಿದ್ದರು, ಅವರ ಹಿಂದೆ ಒಬ್ಬ ಸಪುರ ಹುಡುಗ. ಹಿರಿಯರು ಕೈಮುಗಿದು ಹೊರಟರು. ಹುಡುಗ ಹೊರಡಲಿಲ್ಲ. ಬಡಿಸುವವರು ಕಮ್ಮಿ ಇದ್ದದ್ದು ಕಂಡು ಅಂಗಿಯ ಕೈ ಮಡಚಿ ಸಾರಿನ ಬಕೆಟು ಹಿಡಿದ. ಎಲ್ಲ ಪಂಕ್ತಿಗೂ ಬಡಿಸಿ, ಕೊನೆಯ ಪಂಕ್ತಿಯಲ್ಲಿ ನಮ್ಮ ಮನೆಯವರ ಜೊತೆ ಕೂತು ಉಂಡ. ಆಮೇಲೆ ನನ್ನ ತಮ್ಮ ಹರ್ಷನ ಜೊತೆ ಹೊಳೆಗೆ ಹೋಗಿ ಕಡಾಯಿಗಳನ್ನು ತಿಕ್ಕಿ ತಂದ. ಅಮ್ಮ ಜಗಲಿಯ ಕಂಬಕ್ಕೆ ಒರಗಿ ಇದನ್ನೆಲ್ಲ ನೋಡುತ್ತಿದ್ದಳು. ಗಂಡ ಹೋದ ದುಃಖದಲ್ಲೂ ಅವಳ ಕಣ್ಣು ಚುರುಕು.

“ಬಂದ್ ಮುಖ ತೋರ್ಸಿ ಹೋಪ ಗಂಡ್ ಅಲ್ಲ ಇದ್,” ಎಂದಳು ಅವತ್ತು ಸಂಜೆ. “ಕೂತ್ ಉಂಡ್ ಹೋಪ ಗಂಡ್.”

ಮರುವರ್ಷ ಆ ಹುಡುಗನ ಜೊತೆಗೇ ನನ್ನ ಮದುವೆಯಾಯಿತು. ಅಮ್ಮನ ತಂಗಿ ತುಂಗಾ ಚಿಕ್ಕಮ್ಮ ಮಾತ್ರ ಮುಖ ಸಿಂಡರಿಸಿದ್ದಳು. “ರಾಜಕೀಯದವ್ನಿಗೆ ಹೆಣ್ಣ್ ಕೊಡುದೂ ಒಂದೇ, ಹೊಳಿಗೆ ಹಾಕುದೂ ಒಂದೇ” ಎಂಬುದು ಅವಳ ಮಾತು. ಅಮ್ಮ ಕಿವಿಗೆ ಹಾಕಿಕೊಳ್ಳಲಿಲ್ಲ.

ಮದುವೆಯ ಹೊಸತರಲ್ಲಿ ನಾವಿಬ್ಬರೂ ಸ್ಕೂಟರಿನಲ್ಲಿ ಎಷ್ಟು ಮನೆಗಳಿಗೆ ಹೋಗಿದ್ದೇವೆಂದು ಲೆಕ್ಕವಿಲ್ಲ. ಹಿಂದಿನ ದಿನವೇ ಹೋಗಿ ಅವರು ಗಂಡಸರ ಜೊತೆ ಸೌತೆಕಾಯಿ ಹೆಚ್ಚುವುದು, ನಾನು ಒಳಗೆ ತೆಂಗಿನಕಾಯಿ ತುರಿಯುವುದು. ಉಂಡ ಮೇಲೆ ಅಲ್ಲೇ ಚಾಪೆಯ ಮೇಲೆ ಒಂದು ಗಳಿಗೆ ಅಡ್ಡಾಗುತ್ತಿದ್ದರು. ಯಾರ ಮನೆಯ ಉಪ್ಪಿನಕಾಯಿ ಹೇಗೆ, ಯಾರ ಮನೆಯ ಬಾವಿಯ ನೀರು ಉಪ್ಪು ಎಂಬುದೆಲ್ಲ ಅವರಿಗೆ ಬಾಯಿಪಾಠ. ತಾಲೂಕು ಪಂಚಾಯಿತಿಯನ್ನು ಅವರು ಹಾಗೆಯೇ ಗೆದ್ದರು, ಖರ್ಚೇ ಇಲ್ಲದೆ. ನಿಜ ಹೇಳಬೇಕೆಂದರೆ ನನ್ನ ಸುಖದ ಕಾಲ ಅದೇ. ಬೇರೆಯವರ ಸಾವಿನ ಮನೆಗಳಲ್ಲಿ ಸುಖವಾಗಿದ್ದೆ ಎಂದರೆ ನೀವು ನಗಬಹುದು, ಆದರೆ ಇದ್ದೆ.

ಆಮೇಲೆ ವಿಧಾನಸಭೆಗೆ ನಿಂತು ಕೂದಲೆಳೆಯಲ್ಲಿ ಸೋತರು. ಫಲಿತಾಂಶದ ಮರುದಿನ ಆ ಪಕ್ಷದ ಹಿರಿಯರು ನಮ್ಮ ಮನೆಗೆ ಬಂದು, ಚಾ ಕುಡಿದು, ಲೋಟ ಕೆಳಗಿಟ್ಟು ಹೇಳಿದ ಮಾತು ನನಗೆ ಇನ್ನೂ ಕಿವಿಯಲ್ಲಿದೆ.

“ರತೀಶಾ, ನೀನ್ ಒಂದ್ ಮನೆಯಂಗೆ ಕಡಾಯಿ ತೊಳುಕೆ ಕೂತ್ರೆ, ಗೆದ್ದವ ಅಷ್ಟೊತ್ತಿಗೆ ಏಳ್ ಮನೆ ಸುತ್ತಿ ಬತ್ತ. ಉಂಬುದ್ ಅಲ್ಲ ಮಾರಾಯ ರಾಜಕೀಯ. ಮುಖ ತೋರ್ಸುದ್.”

ಅದಾದ ಮೇಲೆ ಅವರು ತ್ರಾಸಿಯಲ್ಲೊಂದು ಬೊಜ್ಜಕ್ಕೆ ಹೋದಾಗ ಆ ಮನೆಯವರು ಎಲೆ ಹಾಕಿ “ಉಂಡ್ಕಂಡ್ ಹೋಯ್ನಿ ಅಣ್ಣ” ಎಂದರೆ, ಎದೆಯ ಮೇಲೆ ಕೈಯಿಟ್ಟು ತಲೆಬಗ್ಗಿಸಿ ಹೊರಟುಬಿಟ್ಟರು. ಆ ಮನೆಯ ಮುದುಕ ಎಲೆಯ ಹತ್ತಿರ ನಿಂತೇ ಇದ್ದ. ದಾರಿಯಲ್ಲಿ ಸ್ಕೂಟರ್ ನಿಲ್ಲಿಸಿ ನನ್ನನ್ನು ಕೇಳಿದರು: “ಅವ್ರ್ ಮುಖ ಕಂಡ್ಯಾ? ಬೇಜಾರ್ ಮಾಡ್ಕಂಡ್ರ್ ಅಲ್ದಾ?” ಕಂಡೆ ಎಂದೆ. ಅವರ ಕಣ್ಣಲ್ಲೂ ನೀರಿತ್ತು, ಸುಳ್ಳಲ್ಲ. ಎರಡನೆಯ ಮನೆಯಲ್ಲಿ ಆ ಬೇಜಾರು ಸ್ವಲ್ಪ ಕಮ್ಮಿಯಾಯಿತು. ಏಳನೆಯ ಮನೆಯ ಹೊತ್ತಿಗೆ ಅಭ್ಯಾಸವಾಯಿತು.

ಅಲ್ಲಿಂದ ಅವರು ಸೋತದ್ದಿಲ್ಲ. ಶಾಸಕರಾದರು, ಒಂದು ಅವಧಿಗೆ ಮಂತ್ರಿಯಾದರು, ಪಕ್ಷದ ಕಾರ್ಯದರ್ಶಿಯಾದರು, ಈಗ ಅಧ್ಯಕ್ಷರು. ಅವರ ಒಂದು ಕ್ರಮ ಇಡೀ ರಾಜ್ಯಕ್ಕೆ ಗೊತ್ತು. ಸಾವಿನ ಮನೆಗೆ ಹೋದರೆ ಮನೆಯವರ ಎರಡೂ ಕೈಗಳನ್ನು ತಮ್ಮ ಎರಡೂ ಕೈಗಳ ನಡುವೆ ಹಿಡಿಯುತ್ತಾರೆ, ಮೆಲ್ಲಗೆ ಒತ್ತುತ್ತಾರೆ, “ಎಂತ ಇದ್ರೂ ಒಂದ್ ಫೋನ್ ಮಾಡಿ, ನಾನಿದ್ದೆ” ಎನ್ನುತ್ತಾರೆ. ಕಲಬುರಗಿಗೆ ಹೋದರೂ ನಾನಿದ್ದೇನೆ ಎನ್ನದೆ ಅದನ್ನೇ ಕುಂದಾಪುರದ ಕನ್ನಡದಲ್ಲಿ ಹೇಳುತ್ತಾರಂತೆ, ಅಲ್ಲಿಯವರಿಗೆ ಅದೇ ಚಂದವಂತೆ. ಮನೆಯವರು ಕಣ್ಣೊರೆಸಿಕೊಂಡು ಹೇಳುವುದೂ ಎಲ್ಲ ಕಡೆ ಒಂದೇ: “ನೀವ್ ಬಂದದ್ದೇ ದೊಡ್ಡದ್ ಅಣ್ಣ.” ನಾನು ಪಕ್ಕದಲ್ಲಿ ನಿಂತು ಗಮನಿಸಿದ್ದೇನೆ. “ನಾನಿದ್ದೆ” ಎನ್ನುವಾಗ ಕೈ ಒಬ್ಬರದ್ದನ್ನು ಹಿಡಿದಿರುತ್ತದೆ, ಕಣ್ಣು ಆಗಲೇ ಸಾಲಿನಲ್ಲಿ ಮುಂದೆ ನಿಂತವರ ಮೇಲೆ ಹೋಗಿರುತ್ತದೆ.

ಪರವಾಗಿ ಹೋಗುವ ನನಗೂ ಅದೇ ನಿಯಮ. ಎಲ್ಲೂ ಉಣ್ಣುವಂತಿಲ್ಲ. ಒಂದು ಮನೆಯಲ್ಲಿ ಕೂತರೆ ಇನ್ನೊಂದು ಮನೆಯವರು “ಅಲ್ಲ್ ಉಂಡ್ರ್, ನಮ್ಮಲ್ಲ್ ಉಣ್ಲಿಲ್ಲ” ಎನ್ನುತ್ತಾರೆ ಎಂಬುದು ಅವರ ಸಹಾಯಕ ರಂಜನ್‌ನ ಪಾಠ. ಅವನ ಪ್ರಾಯಕ್ಕಿಂತ ಹೆಚ್ಚು ವರ್ಷ ನಾನು ಬೊಜ್ಜ ಸುತ್ತಿದ್ದೇನೆ, ಇರಲಿ. ಹಾಗಾಗಿ ಊರಿಡೀ ನನ್ನನ್ನು ಊಟಕ್ಕೆ ಕರೆಯುತ್ತದೆ, ಉಣ್ಣುವುದು ಮಾತ್ರ ಕೋಟೇಶ್ವರದ ನಮ್ಮ ಮನೆಯ ಅಡುಗೆಕೋಣೆಯಲ್ಲಿ, ಒಬ್ಬಳೇ. ಮಗಳು ದಿವ್ಯಾ ಮದುವೆಯಾಗಿ ಪುಣೆಯಲ್ಲಿದ್ದಾಳೆ. ಒಬ್ಬಳಿಗಾಗಿ ಮೇಜಿನ ಮೇಲೆ ಬಡಿಸಿಕೊಳ್ಳುವುದು ಎಂತದಕ್ಕೆ ಎಂದು ಗಂಜಿಯ ಬಟ್ಟಲನ್ನು ಕೈಯಲ್ಲೇ ಹಿಡಿದು ಕಿಟಕಿಯ ಹತ್ತಿರ ನಿಂತು ಉಣ್ಣುತ್ತೇನೆ. ಹೈವೇಯಲ್ಲಿ ಬಸ್ಸುಗಳು ಹೋಗುತ್ತಿರುತ್ತವೆ. ಜಗಲಿಯಲ್ಲಿ ಮೊದಲು ಬೆಳಿಗ್ಗೆ ಏಳಕ್ಕೇ ತುಂಬುತ್ತಿದ್ದ ಪ್ಲಾಸ್ಟಿಕ್ ಕುರ್ಚಿಗಳು ಈಗ ಒಂದರ ಮೇಲೊಂದು ಕೂತಿವೆ. ಕೆಲಸ ಇದ್ದವರೆಲ್ಲ ಬೆಂಗಳೂರಿಗೇ ಹೋಗುತ್ತಾರೆ. ನನ್ನ ಹತ್ತಿರ ಬರುವುದು ಸಾವಿನ ಸುದ್ದಿ ಮಾತ್ರ.

ಅಳಿಯನ ಮೇಲೆ ಕೊನೆಯವರೆಗೂ ಸಿಟ್ಟಾಗದವಳು ಒಬ್ಬಳೇ, ನನ್ನ ಅಮ್ಮ ಅಪ್ಪಿ. ಟೀವಿಯಲ್ಲಿ ಅವರು ಕಂಡರೆ ಹತ್ತಿರ ಹೋಗಿ ನೋಡುತ್ತಿದ್ದಳು. ಮಾತು ಏನೆಂದು ಅವಳಿಗೆ ಬೇಕಿಲ್ಲ. “ಮುಖ ಬಾಡಿತ್ತ್. ಉಂಡಿದ್ನೋ ಇಲ್ಯೊ,” ಎನ್ನುತ್ತಿದ್ದಳು. ಇತ್ತೀಚೆಗೆ ಹಾಸಿಗೆ ಹಿಡಿದ ಮೇಲೆ ಒಂದು ದಿನ ನನ್ನ ಕೈ ಹಿಡಿದುಕೊಂಡು ಕೇಳಿದಳು.

“ಹೆಣೆ, ಅವ ನಮ್ಮನಿಯಂಗೆ ಕೂತ್ ಉಂಡ್ ಎಷ್ಟ್ ಕಾಲ ಆಯ್ತ್?”

ದೀಪಾವಳಿಗೆ ಬಂದರೂ ಅವರು ಅಂಗಳದಲ್ಲೇ ನಿಂತು ಹೋಗುವವರು.

“ನನ್ ಬೊಜ್ಜಕ್ಕಾರೂ ಅವ ಒಂದ್ ಎಲೆ ಮುಂದೆ ಕೂಕಣ್ಲಿ,” ಎಂದಳು. “ಮತ್ತೆಂತದೂ ಬೇಡ ನಂಗೆ.”

ಅಮ್ಮ ಹೋದದ್ದು ದಿಲ್ಲಿಯಲ್ಲಿ ಅಭ್ಯರ್ಥಿಗಳ ಆಯ್ಕೆ ನಡೆಯುತ್ತಿದ್ದ ವಾರದಲ್ಲಿ. ಬೆಂಕಿ ಕೊಡುವ ದಿನಕ್ಕೆ ಅವರಿಗೆ ಬರಲಾಗಲಿಲ್ಲ. ನಾನೂ ಒತ್ತಾಯಿಸಲಿಲ್ಲ, ಅಷ್ಟು ತಿಳಿವಳಿಕೆ ನನಗಿದೆ. ಸಂಜೆ ಫೋನು ಮಾಡಿದಾಗ ಮಾತ್ರ ಅಮ್ಮ ಹೇಳಿದ್ದನ್ನು ಹೇಳಿದೆ. ಅವರು ಹಳೆಯ ಸ್ಕೂಟರಿನ ಕಾಲದ ದನಿಯಲ್ಲಿ ಹೇಳಿದರು.

“ಬೊಜ್ಜದ ದಿನ ಇಡೀ ನಿಂಗೆ, ವಿನಯಾ. ಪಂಕ್ತಿಯಂಗೆ ಕೂತ್ ಉಣ್ತೆ. ಹರ್ಷನ್ ಹತ್ರ ಹೇಳ್, ನಂಗ್ ಒಂದ್ ಎಲೆ ಹಾಕುಕೆ.”

ಆ ಮಾತನ್ನು ಹಿಡಿದುಕೊಂಡು ನಾನು ಹನ್ನೆರಡು ದಿನ ಕಳೆದೆ. ಅಮ್ಮನನ್ನು ಕಳೆದುಕೊಂಡವಳು ಗಂಡನ ಬರವನ್ನು ಕಾಯುತ್ತಾ ಕೂರುವುದು ನಾಚಿಕೆಯ ಸಂಗತಿ ಎಂದು ನನಗೇ ಅನ್ನಿಸಿತು. ಆದರೂ ಕಾದೆ. ಅವರು ಬಂದು ಕೂತರೆ ಅಮ್ಮ ಆರಿಸಿದ್ದು ತಪ್ಪಾಗಲಿಲ್ಲ ಎಂದಾಗುತ್ತದೆ, ಕೂರದಿದ್ದರೆ ಇಷ್ಟು ವರ್ಷ ನಾನು ಯಾರಿಗೂ ಸೇರದ ಮನುಷ್ಯನ ಮನೆ ಕಾದಂತಾಗುತ್ತದೆ. ಲೆಕ್ಕ ಅಷ್ಟು ಸರಳವಾಗಿತ್ತು. ಅಡುಗೆಯವರ ಹತ್ತಿರ ಹೋಗಿ ಸೌತೆಕಾಯಿ ಹುಳಿ ಅಮ್ಮ ಮಾಡುತ್ತಿದ್ದ ಹಾಗೆಯೇ ಆಗಬೇಕು, ಕೊತ್ತಂಬರಿ ಹುರಿದು ಹಾಕಬೇಕು ಎಂದು ಎರಡೆರಡು ಸಲ ಹೇಳಿದೆ. ಅವರಿಗೆ ಅದು ಇಷ್ಟ.

ಬೊಜ್ಜದ ದಿನ ಬೆಳಿಗ್ಗೆ ನಾನು ಜಗಲಿಗೆ ಬಂದಾಗ ಗೇಟಿನ ಹತ್ತಿರ ದೊಡ್ಡದೊಂದು ಫ್ಲೆಕ್ಸ್ ನಿಂತಿತ್ತು. ಪಕ್ಷದ ಹುಡುಗರು ಬ್ರಹ್ಮಾವರದಲ್ಲಿ ಮಾಡಿಸಿ ತಂದದ್ದು. ಎಡಮೂಲೆಯಲ್ಲಿ ಅಮ್ಮನ ಫೋಟೋ, ಅಂಚೆಚೀಟಿಯಷ್ಟು. ಬಲಗಡೆ ಕೈಮುಗಿದು ನಿಂತ ನನ್ನ ಗಂಡ, ಆಳೆತ್ತರ. ಗೊತ್ತಿಲ್ಲದವರು ನೋಡಿದರೆ ತೀರಿಕೊಂಡವರು ಅವರೇ ಎಂದುಕೊಳ್ಳಬೇಕು. ತುಂಗಾ ಚಿಕ್ಕಮ್ಮ ಅದನ್ನು ಮೇಲಿಂದ ಕೆಳಗೆ ನೋಡಿ, “ಅಕ್ಕನ್ ಬೊಜ್ಜವಾ, ಇವ್ನ್ ಇಲೆಕ್ಷನ್ನಾ?” ಎಂದಳು. ನನಗೆ ನಗು ಬಂತು, ಹದಿಮೂರು ದಿನದಲ್ಲಿ ಮೊದಲ ಸಲ.

ನಾನು ಅಮ್ಮನ ಹಳೆಯ ಕಂದು ಸೀರೆಯೊಂದನ್ನು ಉಟ್ಟಿದ್ದೆ. ಹೊಗೆಗೆ ಕಣ್ಣು ಬಾತುಕೊಂಡಿತ್ತು, ತಲೆಗೆ ಸೆರಗು ಹೊದ್ದಿದ್ದೆ. ಬಂದವರಿಗೆ ಕೈಮುಗಿಯಲು ಜಗಲಿಯಲ್ಲಿ ಸಾಲಾಗಿ ನಿಂತಿದ್ದೆವು. ಮೊದಲು ಹರ್ಷ, ಆಮೇಲೆ ಅವನ ಹೆಂಡತಿ ಶರ್ಮಿಳಾ, ನಾನು, ತುಂಗಾ ಚಿಕ್ಕಮ್ಮ. ಎಷ್ಟೋ ಸಾಲುಗಳ ಎದುರು ನಡೆದವಳು ನಾನು. ಸಾಲಿನೊಳಗೆ ನಿಂತದ್ದು ಅಪರೂಪ. ಒಳಗಿನಿಂದ ನೋಡಿದರೆ ಬಂದವರ ಮುಖಗಳು ಬೇರೆಯೇ ಕಾಣುತ್ತವೆ. ಯಾರು ಚಪ್ಪಲಿಯ ಕಡೆ ನೋಡುತ್ತಿದ್ದಾರೆ, ಯಾರು ನಮ್ಮನ್ನು ನೋಡುತ್ತಿದ್ದಾರೆ ಎಂಬುದೆಲ್ಲ ಗೊತ್ತಾಗಿಬಿಡುತ್ತದೆ.

ಮಧ್ಯಾಹ್ನದ ಹೊತ್ತಿಗೆ ಕಾರುಗಳ ಸಾಲು ಬಂದು ನಿಂತಿತು. ಮನೆಯವರ ಪಂಕ್ತಿಗೆ ಎಲೆ ಹಾಕಿಯಾಗಿತ್ತು. ಹರ್ಷನ ಎಲೆಯ ಪಕ್ಕದಲ್ಲಿ ಅವರದ್ದು. ಬಿಳಿ ಅಂಗಿ, ಬಿಳಿ ಪಂಚೆಯಲ್ಲಿ ಅವರು ಕಾರಿನಿಂದಿಳಿದರು, ಹಿಂದೆ ರಂಜನ್, ಅವನ ಹಿಂದೆ ಕ್ಯಾಮೆರಾದವರು. ಅವರು ಮೆಟ್ಟಿಲು ಹತ್ತುವಾಗ ನನ್ನ ಎದೆ ಮದುಮಗಳ ಎದೆಯ ಹಾಗೆ ಹೊಡೆದುಕೊಂಡಿತು. ನೋಡಿ ಮೂರು ತಿಂಗಳ ಮೇಲಾಗಿತ್ತು. ಸ್ವಲ್ಪ ಸೊರಗಿದ್ದರು, ಅಮ್ಮ ಹೇಳುತ್ತಿದ್ದದ್ದು ಸುಳ್ಳಲ್ಲ.

ರಂಜನ್ ಅವರ ಕಿವಿಯಲ್ಲಿ ಏನೋ ಹೇಳುತ್ತಲೇ ಇದ್ದ. ಅವರು ತಲೆಯಾಡಿಸುತ್ತಾ ಹರ್ಷನ ಕೈ ಹಿಡಿದರು. ಆಮೇಲೆ ಶರ್ಮಿಳಾಳಿಗೆ ಕೈಮುಗಿದರು. ಆಮೇಲೆ ನನ್ನ ಎರಡೂ ಕೈಗಳನ್ನು ತಮ್ಮ ಎರಡೂ ಕೈಗಳ ನಡುವೆ ಹಿಡಿದರು. ಬೆಚ್ಚಗಿನ ಕೈ. ಮೆಲ್ಲಗೆ ಒತ್ತಿದರು.

“ಎಂತ ಇದ್ರೂ ಒಂದ್ ಫೋನ್ ಮಾಡಿ,” ಎಂದರು. “ನಾನಿದ್ದೆ.”

ಮಾಡಿ ಎಂದರು. ಮನೆಯಲ್ಲಿ ಅವರು ನನಗೆ ಬಹುವಚನ ಹಚ್ಚಿದವರಲ್ಲ. ನಾನು ಅವರ ಮುಖವನ್ನೇ ನೋಡಿದೆ. ಅವರ ಕಣ್ಣು ನನ್ನ ಭುಜದ ಆಚೆ ತುಂಗಾ ಚಿಕ್ಕಮ್ಮನ ಮೇಲಿತ್ತು.

ಕೂಗಬಹುದಿತ್ತು. ಹ್ವಾಯ್, ಇಲ್ಲಿ ಕಾಣಿ, ನಾನು ಎನ್ನಬಹುದಿತ್ತು. ಆದರೆ ಇಪ್ಪತ್ತು ವರ್ಷ ಕೇಳಿ ಕೇಳಿ ಒಳಗೆ ಕೂತ ಮಾತು ಮೊದಲು ಬಾಯಿಗೆ ಬಂತು.

“ನೀವ್ ಬಂದದ್ದೇ ದೊಡ್ಡದ್,” ಎಂದೆ.

ಅವರು ತಲೆಬಗ್ಗಿಸಿ ನನ್ನ ಕೈ ಬಿಟ್ಟು ಚಿಕ್ಕಮ್ಮನ ಕೈ ಹಿಡಿದರು. ಅಮ್ಮನ ಫೋಟೋಕ್ಕೆ ಹೂ ಹಾಕಿ ಕಣ್ಣುಮುಚ್ಚಿ ನಿಂತರು. ಅದು ನಾಟಕವಲ್ಲ, ಅವರ ತುಟಿ ನಡುಗಿದ್ದನ್ನು ನಾನು ಕಂಡೆ. ತಿರುಗಿ ಕ್ಯಾಮೆರಾಗೆ “ನಂಗೆ ತಾಯಿ ಸಮಾನ” ಎಂದರು. ಅದೂ ಸುಳ್ಳಲ್ಲ. ಸತ್ತವಳನ್ನು ಕಂಡ ಮನುಷ್ಯ ಬದುಕಿದ್ದವಳನ್ನು ಕಾಣಲಿಲ್ಲ, ಅಷ್ಟೇ.

ಹರ್ಷ ಮುಂದೆ ಬಂದ. “ಭಾವ, ಎಲೆ ಹಾಕಿತ್ತ್. ಬನಿ.”

ಅವರು ಎಲೆಯ ಕಡೆ ನೋಡಿದರು. ಒಂದು ಹೆಜ್ಜೆ ಇಟ್ಟರು ಕೂಡ, ಅಷ್ಟನ್ನು ನಾನು ಅವರಿಗೆ ಕೊಡುತ್ತೇನೆ. ಅಷ್ಟರಲ್ಲಿ ರಂಜನ್ ಫೋನು ಹಿಡಿದು ಎದುರು ಬಂದ. ದಿಲ್ಲಿಯಿಂದ. ಅವರು ಮಾತಾಡುತ್ತಲೇ ಅಂಗಳಕ್ಕಿಳಿದರು, ಫೋನಿಟ್ಟು ಹರ್ಷನ ಭುಜದ ಮೇಲೆ ಕೈಯಿಟ್ಟರು.

“ಇವತ್ತೇ ವಾಪಸ್ ಹೋಯ್ಕ್ ಮಾರಾಯ, ಫ್ಲೈಟ್ ಇತ್ತ್. ಇನ್ನೊಂದ್ ಸಲ ಪುರ್ಸೊತ್ತಂಗೆ ಬತ್ತೆ, ಕೂತ್ ಉಣ್ತೆ.”

ಅಮ್ಮನಿಗೆ ಇನ್ನೊಂದು ಬೊಜ್ಜ ಎಲ್ಲಿಂದ ತರುವುದು? ಕಾರುಗಳು ಧೂಳೆಬ್ಬಿಸಿಕೊಂಡು ಹೋದವು. ಫ್ಲೆಕ್ಸಿನಲ್ಲಿ ಮಾತ್ರ ಅವರು ಕೈಮುಗಿದು ನಿಂತೇ ಇದ್ದರು.

ಮನೆಯವರ ಪಂಕ್ತಿ ಕೂತಿತು, ನಾನು ಬಡಿಸಲು ನಿಂತಿದ್ದೆ. ಹರ್ಷನ ಪಕ್ಕದ ಎಲೆ ಹಾಗೇ ಉಳಿಯಿತು. ಉಪ್ಪು, ಉಪ್ಪಿನಕಾಯಿ ಆಗಲೇ ಬಡಿಸಿಯಾಗಿತ್ತು. ನಮ್ಮಲ್ಲಿ ಬೊಜ್ಜದ ದಿನ ಬಡಿಸಿದ ಎಲೆಯನ್ನು ಖಾಲಿ ಬಿಡುವ ಕ್ರಮವಿಲ್ಲ. ಹಾಗೆ ಬಿಟ್ಟರೆ ಹೋದವರು ಹಸಿದು ಹೋಗುತ್ತಾರೆ ಎನ್ನುತ್ತಾರೆ. ಯಾರು ಕೂರಬೇಕು ಎಂದು ಎಲ್ಲರೂ ಮುಖ ಮುಖ ನೋಡಿಕೊಂಡರು. ಅಳಿಯನ ಎಲೆಯಲ್ಲಿ ಬೇರೆಯವರು ಕೂರಲು ಹಿಂದೆಮುಂದೆ ನೋಡುತ್ತಾರೆ.

ಕೊನೆಗೆ ತುಂಗಾ ಚಿಕ್ಕಮ್ಮನೇ ನನ್ನ ಬೆನ್ನಿನ ಮೇಲೆ ಕೈಯಿಟ್ಟಳು. ಅವಳ ದನಿಯಲ್ಲಿ ಕುಹಕವಿರಲಿಲ್ಲ.

“ಹಾಕಿದ್ ಎಲೆ ಖಾಲಿ ಬಿಡುಕಾಗ, ಹೆಣೆ. ಅವ್ನ್ ಪರವಾಗಿ ನೀನೇ ಕೂಕೊ.”

ನಾನು ಕೂತೆ. ನನ್ನ ಸ್ವಂತ ಅಮ್ಮನ ಬೊಜ್ಜದಲ್ಲೂ ನಾನು ರತೀಶಣ್ಣನ ಪರವಾಗಿಯೇ ಉಂಡೆ. ಸೌತೆಕಾಯಿ ಹುಳಿ ಅಮ್ಮ ಮಾಡಿದ ಹಾಗೆಯೇ ಆಗಿತ್ತು. ಹಸಿವಿರಲಿಲ್ಲ, ಆದರೂ ಎಲೆ ಖಾಲಿ ಮಾಡಿದೆ. ಅಮ್ಮ ಹಸಿದು ಹೋಗಬಾರದಲ್ಲ.

ಸಂಜೆ ಅವರ ಫೋನು ಬಂತು. ಹಿಂದಿನಿಂದ ವಿಮಾನ ನಿಲ್ದಾಣದ ಗದ್ದಲ ಕೇಳುತ್ತಿತ್ತು.

“ಬೇಜಾರ್ ಮಾಡ್ಕಣ್ಬೇಡ. ಕೂಕಣ್ಕ್ ಅಂದೇಳಿಯೇ ಬಂದದ್, ಆಯ್ಲಿಲ್ಲ. ಅಲ್ಲ, ನೀನ್ ಎಲ್ಲಿದ್ದೆ? ಎಷ್ಟ್ ಹುಡ್ಕಿದೆ ಕಣ್ಣಂಗೆ. ನಿನ್ನ ಕಾಣ್ಲೇ ಇಲ್ಲ.”

ನನಗೆ ಸಿಟ್ಟು ಬರಬೇಕಿತ್ತು. ಸಿಟ್ಟಾಗಲಿಕ್ಕೂ ಎದುರಿಗೆ ಒಬ್ಬ ಮನುಷ್ಯ ಬೇಕು. ನನ್ನ ಕೈಗಳನ್ನು ನೋಡಿಕೊಂಡೆ. ಮಧ್ಯಾಹ್ನ ಅವರು ಹಿಡಿದಿದ್ದ ಕೈಗಳು.

“ಒಳಗಿದ್ದೆ,” ಎಂದೆ.

“ಹಾಂ, ಅಂದ್ಕಂಡೆ. ಅಳ್ತಾ ಕೂಕಂಡಿದ್ದೆ ಕಾಣತ್.” ಹಿಂದಿನಿಂದ ಫ್ಲೈಟಿನ ಘೋಷಣೆ ಕೇಳಿತು. “ಮತ್ತೆ, ನಾಳೆ ಅಮಾಸೆಬೈಲಂಗೆ ಒಂದ್ ಬೊಜ್ಜ ಇತ್ತಂಬ್ರ್. ನಮ್ಮ ಸೂರಂದ್. ನಿಂಗ್ ಆತ್ತ್ ಅಂದ್ರೆ ಮಾತ್ರ. ನನ್ ಪರವಾಗಿ ಒಂದ್ ಗಳಿಗೆ ಹೋಗಿ ಬಾ.”

ಸೂರ ಪಕ್ಷದ ಹಳೆಯ ಕಾರ್ಯಕರ್ತ. ಮೊದಲ ಚುನಾವಣೆಯಲ್ಲಿ ಸ್ಕೂಟರಿನ ಎದುರು ಬಾವುಟ ಹಿಡಿದು ಓಡಿದವನು. ಆಯಿತು ಎಂದೆ. ಬೇಡ ಎನ್ನಲು ಕಾರಣ ಬೇಕಲ್ಲ, ಬಾರ್ಕೂರಿನಲ್ಲಿ ನನ್ನ ಕೆಲಸ ಮುಗಿದಿತ್ತು.

ಮರುದಿನ ನಾನೇ ಕಾರು ಓಡಿಸಿಕೊಂಡು ಹೋದೆ. ಅಮಾಸೆಬೈಲು ಹತ್ತುವ ದಾರಿಯಲ್ಲಿ ರಂಜನ್ ಎರಡು ಸಲ ಫೋನು ಮಾಡಿದ. ಅವರ ಫೇಸ್‌ಬುಕ್ ಪೇಜಿಗೆ ಹಾಕಲು ಒಂದು ಫೋಟೋ ಬೇಕಂತೆ. ಫೋನನ್ನು ಸೀಟಿನ ಮೇಲೆ ಬಿಟ್ಟು ಇಳಿದೆ.

ಸಣ್ಣ ಮನೆ. ಬಂದವರು ಹೆಚ್ಚಿನವರು ಉಂಡು ಹೋಗಿದ್ದರು. ಸೂರನ ಹೆಂಡತಿ ಸೀತು ಬಾಗಿಲ ಹತ್ತಿರ ನಿಂತಿದ್ದಳು, ನನಗಿಂತ ಸ್ವಲ್ಪ ಸಣ್ಣವಳು. ನನ್ನನ್ನು ಕಂಡು ಮೆಟ್ಟಿಲಿಳಿದು ಬಂದಳು. ನನ್ನ ಹಿಂದೆ ಇನ್ಯಾರಾದರೂ ಇದ್ದಾರೋ ಎಂದು ಗೇಟಿನ ಕಡೆ ನೋಡಿದಳು. ಎಲ್ಲರೂ ಹಾಗೆ ನೋಡುತ್ತಾರೆ.

“ರತೀಶಣ್ಣ ಬರ್ಲಿಲ್ಯಾ?”

ಇದಕ್ಕೆ ನನ್ನ ಹತ್ತಿರ ಸಿದ್ಧ ಉತ್ತರವಿದೆ. ಅವರಿಗೆ ಅರ್ಜೆಂಟ್ ಮೀಟಿಂಗ್, ಬರಬೇಕೆಂದು ತುಂಬಾ ಇತ್ತು, ಅವರ ಪರವಾಗಿ ನಾನು ಬಂದೆ. ನಿದ್ದೆಯಲ್ಲೂ ಹೇಳಬಲ್ಲೆ.

“ಇಲ್ಲ,” ಎಂದೆ. “ನಾನ್ ಒಬ್ಳೇ ಬಂದದ್.”

ಅವಳು ನನ್ನ ಮುಖವನ್ನು ನೋಡಿದಳು. ಸುಮ್ಮನೆ ಅಲ್ಲ, ನಿಂತು ನೋಡಿದಳು. “ನಿಮ್ಮ್ ಅಮ್ಮನೂ ಹೋದ್ರಂಬ್ರ್. ನಿನ್ನೆ ಅಲ್ದಾ ಬೊಜ್ಜ?” ಎಂದಳು. “ಕಣ್ಣೆಲ್ಲ ಬೀಗಿತ್ತ್ ನಿಮ್ದ್.”

ಹದಿಮೂರು ದಿನ ತಡೆದಿಟ್ಟದ್ದೆಲ್ಲ ಆ ಮಾತಿಗೆ ಒಡೆದುಹೋಯಿತು. ಅವಳ ಗಂಡನ ಬೊಜ್ಜದ ಮನೆಯಲ್ಲಿ ನಿಂತು ನಾನು ಅತ್ತೆ, ಅವಳು ನನ್ನ ಬೆನ್ನು ಸವರಿದಳು. ಸಮಾಧಾನ ಹೇಳಲು ಹೋದವಳ ಕತೆ ಇದು. ಅತ್ತು ಮುಗಿದ ಮೇಲೆ ನಾಚಿಕೆಯಾಗಿ ಸೆರಗಿನಿಂದ ಮುಖ ಒರೆಸಿಕೊಂಡೆ.

“ನೀನ್ ಉಂಡ್ಯಾ?” ಎಂದು ಕೇಳಿದೆ.

“ಇಲ್ಲ. ಎಲ್ಲರ್ದೂ ಆಯ್ಲಿ ಅಂದೇಳಿ.”

“ಹಾಂಗಾರೆ ಎರಡ್ ಎಲೆ ಹಾಕ್. ನಾನೂ ಉಣ್ತೆ.”

ಅವಳಿಗೆ ನಂಬಿಕೆಯಾಗಲಿಲ್ಲ. ನಮ್ಮ ಮನೆಯವರು ಎಲ್ಲೂ ಉಣ್ಣುವುದಿಲ್ಲ ಎಂಬುದು ಊರಿಗೇ ಗೊತ್ತಿದ್ದ ವಿಷಯ. ಓಡಿಹೋಗಿ ಎಲೆ ತಂದಳು, ಒರೆಸಿ ಹಾಸಿದಳು. ಖಾಲಿ ಜಗಲಿಯಲ್ಲಿ ನಾವಿಬ್ಬರೇ ಕೂತೆವು. ಅವಳ ಮಗ ಅನ್ನ ಬಡಿಸಿ, ಬ್ಯಾಗು ತುಂಬಿಸಿಕೊಳ್ಳಲು ಒಳಗೆ ಹೋದ. ಮರುದಿನ ಅವನಿಗೆ ಮುಂಬೈಯ ಹೋಟೆಲಿನ ಕೆಲಸಕ್ಕೆ ವಾಪಸು ಹೋಗಬೇಕಿತ್ತು.

ಸೀತು ಅನ್ನವನ್ನು ಕಲಸುತ್ತಾ ಕೂತಳು, ಉಣ್ಣಲಿಲ್ಲ.

“ಇವತ್ ಜನ ಇದ್ರ್,” ಎಂದಳು. “ನಾಳೆಯಿಂದ ಒಬ್ಳೇ ಉಣ್ಕ್. ಮದಿ ಆದಲ್ಲಿಂದ ಅವ್ರ್ ಬಪ್ಪುಕ್ ಮೊದ್ಲ್ ಉಂಡವ್ಳೇ ಅಲ್ಲ ನಾನ್.” ತಲೆ ಎತ್ತಿ ನನ್ನನ್ನು ನೋಡಿದಳು. “ಅಭ್ಯಾಸ ಆತ್ತಾ ಅಕ್ಕ, ಒಬ್ಳೇ ಉಂಬುದ್?”

ನಾನಿದ್ದೆ, ಎಂತ ಇದ್ದರೂ ಒಂದು ಫೋನ್ ಮಾಡು ಎನ್ನಬೇಕಾದ ಜಾಗ ಅದು. ನಾಲಿಗೆಯ ತುದಿಯವರೆಗೆ ಬಂದದ್ದನ್ನು ನುಂಗಿಕೊಂಡೆ.

“ಆತ್ತ್,” ಎಂದೆ. “ನಂಗ್ ಆಯ್ತಲೆ.”

ಸೀತು ನನ್ನ ಕತ್ತಿನ ಕರಿಮಣಿಯನ್ನು ಒಂದು ಸಲ ನೋಡಿದಳು. ತನ್ನ ಎಲೆಯನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಎಲೆಯ ಹತ್ತಿರಕ್ಕೆ ಎಳೆದುಕೊಂಡು, ಉಣ್ಣಲು ಶುರುಮಾಡಿದಳು.